ಹೊಂದಾಣಿಕೆಯಿಂದ ಬರೀ ಅಸಮಾಧಾನವಾ, ನಿಜವಾದ ದುಃಖವಾ?

ಪನ್ವೇಲ್ ವಾಸಿ:
ನನ್ನ ಆಫೀಸು ಪುಣೆಯ ಹಿಂಜೇವಾಡಿಯಲ್ಲಿ, ಹೆಂಡತಿಯದು ಮುಂಬೈ ಫೋರ್ಟಿನಲ್ಲಿ. ಯಾರಿಗೂ ಅನ್ಯಾಯ ಆಗಬಾರದು ಅಂತ ನಡುವೆ ಪನ್ವೇಲ್‌ನಲ್ಲಿ ಬಾಡಿಗೆ ಮನೆ ಮಾಡಿದೆವು. ಅವಳಿಗೆ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಫೋರ್ಟ್ ಹತ್ತಿರದ ಸಿಎಸ್‌ಎಂಟಿ ಸ್ಟೇಷನ್ ತಲುಪಲು ಒಂದೂಕಾಲು ಗಂಟೆಗೂ ಜಾಸ್ತಿ, ನನಗೆ ಎಕ್ಸ್‌ಪ್ರೆಸ್‌ವೇ, ಘಾಟಿನ ಟ್ರಾಫಿಕ್ಕು. ರಾತ್ರಿ ಊಟಕ್ಕೆ ಕೂತರೆ ಒಬ್ಬರಿಗೂ ಮಾತಾಡೋ ಶಕ್ತಿ ಇರಲ್ಲ, ಅನ್ನ ಕಲಸಿಕೊಂಡು ಸುಮ್ನೆ ತಿಂದು ಏಳುತ್ತೇವೆ. ಜಗಳ ಇಲ್ಲ, ಖುಷಿಯೂ ಇಲ್ಲ. ಎಲ್ಲರಿಗೂ ಹೀಗೇನಾ?

ಡೊಂಬಿವಲಿ ಅಕ್ಕ:
ಇಲ್ಲ ತಮ್ಮಾ, ಅಸಮಾಧಾನ ಬೇರೆ, ದುಃಖ ಬೇರೆ. ನಮ್ಮ ಮನೆಯವರಿಗೆ ಮುಂಬೈ ನಡುವಿನ ದಾದರ್ ಬೇಕಿತ್ತು, ಕೈಗೆಟುಕಿದ್ದು ದೂರದ ಡೊಂಬಿವಲಿ. ಲೋಕಲ್ಲಿನ ನೂಕುನುಗ್ಗಲಿಗೆ ಈಗಲೂ ಗೊಣಗುತ್ತಾರೆ. ಆದರೆ ಮಕ್ಕಳಿಗೆ ಬೇರೆ ರೂಮಿದೆ, ಅಕ್ಕಪಕ್ಕ ಕನ್ನಡದವರಿದ್ದಾರೆ, ಇದನ್ನು ಬಿಟ್ಟು ಬನ್ನಿ ಅಂದರೆ ಅವರೇ ಒಪ್ಪಲ್ಲ. ನಿಮ್ಮದು ಹಾಗೆ ಕಾಣುತ್ತಿಲ್ಲ.

ಮಾಟುಂಗಾ ಓದುಗ:
ಅಕ್ಕ ಹೇಳಿದ್ದು ಸರಿ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದ್ದು ಇದನ್ನೇ: ಜನ ಎಲ್ಲಕ್ಕಿಂತ ಒಳ್ಳೆಯದನ್ನೇ ಹುಡುಕುತ್ತಾ ಕೂರಲ್ಲ, ತಮ್ಮ ಅಗತ್ಯಕ್ಕೆ ಸಾಕಾಗುವಂಥದ್ದು ಸಿಕ್ಕರೆ ಅಲ್ಲಿಗೆ ನಿಲ್ಲುತ್ತಾರೆ. ನಿಮ್ಮಿಬ್ಬರಲ್ಲಿ ಒಬ್ಬರಿಗೂ ಸಾಕಾಗುವಷ್ಟು ಸಿಕ್ಕಿಲ್ಲ. ನಕ್ಷೆಯ ನಡುಭಾಗ ನೋಡಿ ಮನೆ ಹಿಡಿದಿರಿ, ಅಷ್ಟೇ.

ಪನ್ವೇಲ್ ವಾಸಿ:
ಹೌದು, ಇಬ್ಬರಿಗೂ ಬೇಕಿರೋದು ಸಂಜೆಯ ಒಂದು ಗಂಟೆ. ಅದನ್ನೇ ಕೊಟ್ಟುಬಿಟ್ಟಿದ್ದೇವೆ.

ಡೊಂಬಿವಲಿ ಅಕ್ಕ:
11 ತಿಂಗಳ ಅಗ್ರಿಮೆಂಟ್ ತಾನೇ? ಮುಗಿದಾಗ ಒಬ್ಬರ ಆಫೀಸಿನ ಹತ್ತಿರ ಹೋಗಿ, ಇನ್ನೊಬ್ಬರು ಕೆಲವು ದಿನ ಮನೆಯಿಂದ ಕೆಲಸ ಕೇಳಿ ನೋಡಿ.