ಸಿಪಿವಿಸಿ ಲೈನಿನಿಂದ ವಾಷಿಂಗ್ ಮಷಿನ್‌ಗೆ ನಳ ತಗೀಬೇಕು, ಯಾವ ಫಿಟಿಂಗ್ ಹಾಕಬೇಕು?

ಪ್ರಶ್ನೆ (ಜಲನಗರ, ವಿಜಯಪುರ)
ಬಚ್ಚಲ ಹೊರಗಿನ ಗ್ವಾಡಿ ಮ್ಯಾಲೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೂ ನಡಿಯೋ ಪ್ಲಾಸ್ಟಿಕ್) ಪೈಪು ಹಾದು ಹೋಗೇತಿ. ಅದರಿಂದ ಫ್ರಂಟ್ ಲೋಡ್ ಮಷಿನ್‌ಗೆ ನಳ ತಗೀಬೇಕು. ಟಾಕಿಯಿಂದ ಕೆಳಗ ಬಂದಿದ್ದು ಬಿಳಿ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪು). ಮನಿ ಒಂದೇ ಅಂತಸ್ತು, ಸ್ಲ್ಯಾಬ್ ಮ್ಯಾಲೆ 3 ಫೂಟಿನ ಕಟ್ಟಿ, ಅದರ ಮ್ಯಾಲೆ ಟಾಕಿ. ಅಂಗಡ್ಯಾಗ ಪೂರಾ ಪ್ಲಾಸ್ಟಿಕ್ ಥ್ರೆಡ್ಡಿನ ಟೀ (ಮೂರು ಬಾಯಿಯ ಫಿಟಿಂಗ್) ಕೊಟ್ಟಾರ. ನಡೀತದೇನು? ಪ್ರೆಶರ್ ಸಾಕಾಗ್ತದೇನು?

ಉತ್ತರ (ಟಿಳಕವಾಡಿ, ಬೆಳಗಾವಿ)
ಆ ಟೀ ವಾಪಸ್ ಕೊಡ್ರಿ. ಪ್ಲಾಸ್ಟಿಕ್ಕಿನ ಹೆಣ್ಣು ಥ್ರೆಡ್ಡಿಗೆ (ಒಳಗ ಮರಿ ಇರೋದಕ್ಕ) ಹಿತ್ತಾಳೆ ನಳ ಬಿಗಿದರ ಅದು ಒಳಗಿಂದ ಹಿಗ್ಗತದ. ಅವತ್ತು ಏನೂ ಕಾಣಂಗಿಲ್ಲ, ಕೆಲವು ತಿಂಗಳಾದ ಮ್ಯಾಲೆ ಉದ್ದಕ ಸೀಳತದ. ಮಷಿನ್ ತಿರುಗುವಾಗಿನ ನಡುಕ ಬ್ಯಾರೆ ಪೈಪಿನ ಮೂಲಕ ಅಲ್ಲೇ ಬಂದು ಬೀಳತದ.

ಬೇಕಾಗಿದ್ದು: ಸಾದಾ 3/4 ಟೀ ಒಂದು, ಸಿಪಿವಿಸಿ ಬಾಲ್ ವಾಲ್ವ್ ಒಂದು, ಹಿತ್ತಾಳೆ ಒಳಥ್ರೆಡ್ ಇರೋ 3/4 × 1/2 ಎಲ್ಬೋ (ಮೂಲಿ ತಿರುವಿನ ಫಿಟಿಂಗ್) ಒಂದು, ಮಷಿನ್ ನಳ ಒಂದು (ಗ್ವಾಡಿ ಕಡೆ 1/2, ಹೋಸ್ ಕಡೆ 3/4 ಗಂಡು ಥ್ರೆಡ್). ಎಲ್ಬೋಕ್ಕ ಬರೋ ಪೈಪಿಗೆ ಎಲ್ಬೋದ ಹತ್ತಿರನೇ ಕ್ಲ್ಯಾಂಪ್ ಹೊಡೀರಿ. ಭಾರ ಗ್ವಾಡಿ ಹೊರಬೇಕು, ಅಂಟಿನ ಜೋಡಣಿ ಅಲ್ಲ.

ಟೀ ಕೂರಿಸೋದ್ರಾಗ ಬಾಳ ಮಂದಿ ಎಡವತಾರ. ಟೀಯ ಪೂರ್ತಿ ಉದ್ದ ಅಳದು ಪೈಪ್ ಕತ್ತರಿಸಬ್ಯಾಡ್ರಿ. ಒಳಗ ಎರಡೂ ಕಡೆ ಪೈಪು ತಾಗಿ ನಿಲ್ಲೋ ಅಂಚು ಇರತಾವ, ಆ ಎರಡರ ನಡುವಿನ ಅಂತರ ಅಷ್ಟೇ ತಗೀರಿ. ಪೈಪು ಆಕಡೆ ಈಕಡೆ ಸರಿಯದಿದ್ದರ ಒಂದು ಬದಿಗೆ ಯೂನಿಯನ್ (ಬಿಚ್ಚಿ ಜೋಡಿಸೋ ಫಿಟಿಂಗ್) ಹಾಕ್ರಿ. ಎಳೆದು ಬಗ್ಗಿಸಿ ಸೇರಿಸಿದ ಜೋಡಣಿ ಯಾವತ್ತೂ ಬಾಳಿಕಿ ಬರಂಗಿಲ್ಲ.

ನಳಕ್ಕ ಟೆಫ್ಲಾನ್ ಟೇಪು ಥ್ರೆಡ್ ತಿರುಗೋ ದಿಕ್ಕಿಗೇ 8–10 ಸುತ್ತು. ಎಣ್ಣಿ ಅಂಶದ ಪೇಸ್ಟ್ ಬ್ಯಾಡ, ಅದು ಸಿಪಿವಿಸಿ ತಿಂತದ. ಮಷಿನ್ ಹೋಸಿನ ನಟ್ಟಿಗೆ ಮಾತ್ರ ಟೇಪು ಹಚ್ಚಬ್ಯಾಡ್ರಿ. ಅಲ್ಲಿ ನೀರು ತಡಿಯೋದು ರಬ್ಬರ್ ವಾಶರ್, ಕೈಯಿಂದ ಬಿಗಿದು ಪಾನಾದಿಂದ ಕಾಲು ಸುತ್ತು ಸಾಕು.

ಪ್ರಶ್ನೆ ಕೇಳಿದವರು
ಯುಪಿವಿಸಿಯ ಅಂಟು ಮನ್ಯಾಗ ಉಳದದ, ಅದನ್ನ ಹಚ್ಚಬಹುದಾ?

ಉತ್ತರ (ಟಿಳಕವಾಡಿ, ಬೆಳಗಾವಿ)
ಬ್ಯಾಡ. ಸಿಪಿವಿಸಿಗೆ ಅಂತ ಬರೆದಿದ್ದ ಡಬ್ಬೀನೇ ತರ್ರಿ. ಫಿಟಿಂಗೂ ಅದಲು ಬದಲು ಆಗಂಗಿಲ್ಲ: 3/4 ಸಿಪಿವಿಸಿಯ ಹೊರವ್ಯಾಸ 22.2 ಮಿಮೀ, 3/4 ಯುಪಿವಿಸಿಯದು 26.7. ಎರಡನ್ನ ಕೂಡಿಸೋದು ಥ್ರೆಡ್ ಮೂಲಕ ಮಾತ್ರ.

ಟಾಕಿ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಳ ಬಿಟ್ಟು ಪೈಪು ಖಾಲಿ ಮಾಡ್ರಿ. ಪೈಪು ನೆಟ್ಟಗ ಕತ್ತರಿಸಿ, ಅಂಚಿನ ಚೂರು ಕೆರೆದು, ಒಣಾ ಬಟ್ಟಿಯಿಂದ ಒರಸ್ರಿ. ಒಂದು ಹನಿ ತೇವ ಇದ್ದರೂ ಅಂಟು ಕಚ್ಚಂಗಿಲ್ಲ. ಪೈಪಿಗೆ ಸರಿಯಾಗಿ, ಫಿಟಿಂಗ್ ಒಳಗ ತೆಳ್ಳಗ ಹಚ್ಚಿ, ಕಾಲು ಸುತ್ತು ತಿರುವಿ ಒತ್ತಿ 30 ಸೆಕೆಂಡ್ ಹಿಡೀರಿ. ಬಿಟ್ಟರ ಪೈಪು ಹಿಂದಕ್ಕ ಜಾರತದ. ನಳ ಬಿಗಿಯೋದು, ನೀರು ಬಿಡೋದು ಮರುದಿನ.

ಉತ್ತರ (ನವನಗರ, ಬಾಗಲಕೋಟೆ)
ಪ್ರೆಶರ್ ಬಗ್ಗೆ ಯಾರೂ ಹೇಳಲಿಲ್ಲ. ಟಾಕಿಯ ತಳಕ್ಕೂ ಮಷಿನ್ ನಳಕ್ಕೂ ಅಂದಾಜು 9–10 ಅಡಿ ಎತ್ತರ ಸಿಗುತ್ತದೆ. 10 ಮೀಟರ್ ಎತ್ತರಕ್ಕೆ 1 ಬಾರ್ (ಒತ್ತಡದ ಅಳತೆ) ಲೆಕ್ಕ, ಅಂದರೆ ನಿಮಗೆ 0.3 ಬಾರ್ ಹತ್ತಿರ. ಹಲವು ಮಷಿನ್‌ಗಳ ಕೈಪಿಡಿಯಲ್ಲಿ ಕನಿಷ್ಠವೇ 0.3ರಿಂದ 0.5 ಇರುತ್ತದೆ, ನಿಮ್ಮದರಲ್ಲಿ ನೋಡಿಕೊಳ್ಳಿ. ಹೀಗಾಗಿ ಎಲ್ಬೋ ಕಡಿಮೆ ಮಾಡಿ, 3/4 ಪೈಪನ್ನು ನಳದವರೆಗೂ ತನ್ನಿ, ಅರ್ಧ ಇಂಚಿಗೆ ಕೊನೆಯಲ್ಲಷ್ಟೇ ಇಳಿಸಿ. ಆದರೂ ನೀರು ತುಂಬುವಾಗ ಎರರ್ ಬಂದರೆ ಟಾಕಿಯ ಕಟ್ಟೆ ಎತ್ತರಿಸಬೇಕು, ಇಲ್ಲವೇ ಸಣ್ಣ ಪ್ರೆಶರ್ ಪಂಪ್ ಹಾಕಬೇಕು.

ಬೋರಿನ ಸವಳು ನೀರಾದರೆ ಹೋಸ್ ಮಷಿನ್‌ಗೆ ಸೇರುವ ಕಡೆ ಇರುವ ಜಾಳಿಗೆಯಲ್ಲಿ ಸುಣ್ಣ ಕಟ್ಟುತ್ತದೆ. ಪ್ರೆಶರ್ ಮೊದಲೇ ಕಡಿಮೆ ಇರುವಲ್ಲಿ ಅಷ್ಟೇ ಸಾಕು, ಮಷಿನ್ ನಿಲ್ಲುತ್ತದೆ. ಜಾಳಿಗೆಯನ್ನು ಇಕ್ಕಳದಿಂದ ಎಳೆದು ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ.

ಪೈಪು ಹೊರಗೋಡೆಯ ಮೇಲಿದೆ ಅಂದಿರಿ. ವಿಜಯಪುರದ ಬಿಸಿಲಿಗೆ ಬರೀ ಸಿಪಿವಿಸಿ ಬಿಡಬೇಡಿ, ಪೆಡಸಾಗುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಎರಡು ಕೋಟ್ ಹೊಡೆಯಿರಿ. ಆಯಿಲ್ ಪೇಂಟ್ ಬೇಡ.