ರೆಕಾರ್ಡ್ ಬುಕ್ಕು ಮತ್ತು ಮಿರ್ಚಿ ಭಜಿ

ಪ್ರಾಕ್ಟಿಕಲ್ ರೆಕಾರ್ಡ್ ಸಬ್ಮಿಟ್ ಮಾಡುವ ಮುಂಚೆ ಅದರಲ್ಲಿ ಏನನ್ನು ನೋಡಬೇಕು ಅನ್ನೋ ವಿಷಯದಲ್ಲಿ ನಮ್ಮ ಗೆಳೆಯರ ನಡುವೆ ಯಾವತ್ತೂ ಒಮ್ಮತ ಆಗಿಲ್ಲ. ಝೆರಾಕ್ಸ್ ಅಣ್ಣನ ಪ್ರಕಾರ ಇಂಡೆಕ್ಸ್ ತುಂಬಿರಬೇಕು, ಅಷ್ಟೇ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಅವರ ಅಂಗಡಿ. ಯಾವ ಎಕ್ಸಾಮಿನರ್‌ಗಿಂತಲೂ ಜಾಸ್ತಿ ರೆಕಾರ್ಡ್ ಅವರ ಕೈಯಲ್ಲಿ ಮಗುಚಿ ಬಿದ್ದಿವೆ. "ಬಂದವರು ಇಂಡೆಕ್ಸ್ ತೆಗೀತಾರೆ, ಸಹಿ ಎಣಿಸ್ತಾರೆ, ಮುಚ್ತಾರೆ. ಒಳಗೆ ಸೂಸ್ಲಾ ಮಾಡೋ ವಿಧಾನ ಬರೆದಿದ್ರೂ ಯಾರಿಗೂ ಗೊತ್ತಾಗಲ್ಲ" ಅಂತಾರೆ.

ಬ್ಯುರೆಟ್ ಕಾಕಾ ಇದನ್ನು ಒಪ್ಪಲ್ಲ. ಅವರು ಕಾಲೇಜ್ ಲ್ಯಾಬಿನಲ್ಲಿ ಅಟೆಂಡರ್ ಆಗಿ ರಿಟೈರ್ ಆದವರು. ಒಡೆದ ಬ್ಯುರೆಟ್‌ಗಳ ಲೆಕ್ಕ ಬರೆದು ಬರೆದು ಈ ಹೆಸರು ಅಂಟಿಕೊಂಡಿತು. ಬ್ಯುರೆಟ್ ಅಂದರೆ ಕೆಳಗೆ ನಲ್ಲಿ ಇರೋ, ಅಳತೆ ಗುರುತಿನ ಗಾಜಿನ ಕೊಳವೆ. ಅವರಿಗೆ ಪ್ರೊಸೀಜರ್ ಮುಖ್ಯ. ಮೂರನೆಯವರು ಫಿಜಿಕ್ಸ್ ಲೆಕ್ಚರರ್, ನಾವು ಬರೀ ಸರ್ ಅಂತೀವಿ. ಸರ್ ಎಡಗಡೆ ಪುಟ ಮಾತ್ರ ನೋಡ್ತಾರೆ. ಬಲಗಡೆ ಗೆರೆ ಇರೋ ಪುಟ ಗೈಡ್ ಬರೆದದ್ದು, ಎಡಗಡೆ ಖಾಲಿ ಪುಟ ಹುಡುಗ ಬರೆದದ್ದು ಅನ್ನೋದು ಅವರ ಲೆಕ್ಕ. ನಾಲ್ಕನೆಯವನು ನಾನು. ನನಗೆ ವಿಜ್ಞಾನ ಬರಲ್ಲ. ಆದರೆ ಭಜಿ ತರಿಸೋನು ನಾನಾದ್ದರಿಂದ ನನಗೂ ಒಂದು ವೋಟಿದೆ.

ಶರಣಬಸವೇಶ್ವರ ಕೆರೆ ಹತ್ತಿರ ಕೂತಿದ್ದಾಗ ಅಕ್ಕನ ಮಗ ರೆಕಾರ್ಡ್ ಹಿಡಿದು ಬಂದ. ಸೆಕೆಂಡ್ ಪಿಯುಸಿ. ಬೆಳಿಗ್ಗೆ ಸಬ್ಮಿಷನ್. "ಮಾಮಾ, ಎಲ್ಲಾ ಕಂಪ್ಲೀಟ್ ಇದೆ. ಸುಮ್ನೆ ಒಂದ್ಸಲ ನೋಡಿ ಅಂತ ಅವ್ವ ಕಳಿಸಿದ್ಲು" ಅಂದ. ಅಂದರೆ ಅವನಿಗೆ ಯಾರೂ ನೋಡುವುದು ಬೇಕಾಗಿರಲಿಲ್ಲ.

ಇಂಡೆಕ್ಸ್ ಅಣ್ಣನ ಪಾಲಿಗೆ ಬಂತು. ಬೆರಳು ಮೇಲಿಂದ ಕೆಳಗೆ ಇಳಿಯಿತು. ಎರಡನೇ ಸಾಲಿನಲ್ಲೇ ನಿಂತಿತು.

"ಏ ತಮ್ಮಾ, ಟೈಟ್ರೇಶನ್ ಸೆಪ್ಟೆಂಬರ್ 17ಕ್ಕೆ ಮಾಡಿದ್ಯಾ?"

"ಹೌದಣ್ಣಾ."

"ಅವತ್ತು ಕಲ್ಯಾಣ ಕರ್ನಾಟಕ ಉತ್ಸವ. ಊರೆಲ್ಲಾ ಧ್ವಜ ಹಾರಿಸ್ತಿದ್ರೆ ನೀನೊಬ್ಬನೇ ಲ್ಯಾಬಿನಲ್ಲಿ ಬ್ಯುರೆಟ್ ತೊಳೀತಿದ್ಯಾ?"

"1948ರಲ್ಲಿ ನಿಜಾಮನಿಂದ ಬಿಡುಗಡೆ ಸಿಕ್ಕ ದಿನ" ಅಂದರು ಸರ್. "ಇವನಿಗೆ ಮಾತ್ರ ಸಿಕ್ಕಿಲ್ಲ ಪಾಪ."

ಕೆಳಗೆ ಇನ್ನೂ ಚೆನ್ನಾಗಿತ್ತು. ಲೆನ್ಸಿನ ಪ್ರಯೋಗ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಮೀಟರ್ ಬ್ರಿಡ್ಜ್ ನವೆಂಬರ್ 31ಕ್ಕೆ. ನವೆಂಬರಿನಲ್ಲಿ ಮೂವತ್ತೇ ದಿನ ಅನ್ನೋದು ಭಜಿ ಮಾರುವವನಿಗೂ ಗೊತ್ತಿತ್ತು. ಅವನೇ ಮೊದಲು ನಕ್ಕ.

ಪುಟ ಸಂಖ್ಯೆ, ರಿಜಿಸ್ಟರ್ ನಂಬರ್, ಸರ್ಟಿಫಿಕೇಟ್ ಪುಟ, ಕಂದು ಕವರ್ ಎಲ್ಲಾ ಸರಿ ಇದ್ದವು. ಕವರಿನ ಮೇಲಿನ ಲೇಬಲ್ ಅಂತೂ ಮದುವೆ ಕಾರ್ಡಿನ ಥರ ಇತ್ತು. ಈ ಮಕ್ಕಳು ಲೇಬಲ್‌ಗೆ ಕೊಡೋ ಸಮಯದಲ್ಲಿ ಅರ್ಧ ರೀಡಿಂಗಿಗೆ ಕೊಟ್ಟರೆ ಸಾಕು ಅಂತ ನನಗೆ ಅನಿಸಿತು. ಹೇಳಲಿಲ್ಲ. ಬಾಯಿತುಂಬಾ ಭಜಿ ಇತ್ತು.

ಕಾಕಾ ಕನ್ನಡಕ ಏರಿಸಿ ಟೈಟ್ರೇಶನ್ ತೆಗೆದರು. ಒಂದು ದ್ರಾವಣಕ್ಕೆ ಇನ್ನೊಂದನ್ನು ಬಣ್ಣ ಬದಲಾಗೋವರೆಗೆ ಹನಿ ಹನಿ ಬಿಟ್ಟು, ಎಷ್ಟು ಹಿಡಿಯಿತು ಅಂತ ಅಳೆಯೋ ಪ್ರಯೋಗ ಅದು. ಆಕ್ಸಾಲಿಕ್ ಆಸಿಡ್, ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಬ್ಯುರೆಟ್ ರೀಡಿಂಗ್ ಮೂರು: 10.2, 10.2, 10.2.

"ನನ್ನ ಸರ್ವಿಸ್ಸಿನಲ್ಲಿ ಮೊದಲನೇ ರೀಡಿಂಗ್ ಸರಿಯಾಗಿ ಬಂದಿದ್ದು ನೋಡಿಲ್ಲ" ಅಂದರು ಕಾಕಾ. "ಮೊದಲನೇ ಸಲ ಎಲ್ಲರೂ ಮಾತಾಡ್ತಾ ನಲ್ಲಿ ಬಿಟ್ಟಿರ್ತಾರೆ. ತಿಳಿ ಗುಲಾಬಿ ಬರೋ ಹೊತ್ತಿಗೆ ನಿಲ್ಲಿಸದೆ ಕಡು ನೇರಳೆ ಮಾಡಿ ಕೂತಿರ್ತಾರೆ. ಆಮೇಲಿನ ಎರಡು ಹೊಂದ್ತವೆ. ನಿಂದು ಮೂರೂ ಅವಳಿ ಜವಳಿ. ಇರಲಿ. ಪ್ರೊಸೀಜರಿನಲ್ಲಿ ಬಿಸಿ ಮಾಡೋದು ಎಲ್ಲಿದೆ?"

ಹುಡುಗ ಪುಟ ನೋಡಿದ. ಇರಲಿಲ್ಲ.

ಕಾಕಾನ ಪ್ರವಾಹ ಶುರುವಾಯಿತು. ಆಕ್ಸಾಲಿಕ್ ಆಸಿಡ್‌ಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ತಣ್ಣಗಿದ್ದರೆ ಪರ್ಮ್ಯಾಂಗನೇಟ್ ಬಣ್ಣ ಬೇಗ ಹೋಗಲ್ಲ. ಹುಡುಗ ಮೊದಲ ಹನಿಗೇ ಗುಲಾಬಿ ನೋಡಿ ಮುಗಿಯಿತು ಅಂದುಕೊಳ್ಳುತ್ತಾನೆ. ಸಲ್ಫ್ಯೂರಿಕ್ ಆಸಿಡ್ ಕಡಿಮೆ ಬಿದ್ದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತೆ. ಇನ್ನೊಂದು: ಪರ್ಮ್ಯಾಂಗನೇಟ್ ತುಂಬಾ ಗಾಢ, ಕೆಳಗಿನ ಬಾಗು ಕಾಣಲ್ಲ, ಅದಕ್ಕೇ ಬ್ಯುರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು. "ನಿನ್ನ ರೆಕಾರ್ಡ್ ನೋಡಿ ಒಬ್ಬ ಪ್ರಯೋಗ ಮಾಡಿದ ಅಂತ ಇಟ್ಕೋ. ಸಂಜೆವರೆಗೂ ಫ್ಲಾಸ್ಕ್ ಅಲ್ಲಾಡಿಸ್ತಾ ಕೂರ್ತಾನೆ."

"ನಮ್ಮೂರಲ್ಲಿ ಮೇ ತಿಂಗಳು ಕಿಟಕಿ ಹೊರಗೆ ಇಟ್ರೆ ಸಾಕಲ್ವಾ?" ಅಂದೆ.

"ನಲವತ್ತೈದಕ್ಕೆ ಮನುಷ್ಯ ಬೇಯ್ತಾನೆ, ಆಕ್ಸಾಲಿಕ್ ಆಸಿಡ್‌ಗೆ ಇನ್ನೂ ಹದಿನೈದು ಬೇಕು" ಅಂದರು ಕಾಕಾ.

ಹುಡುಗ ಪೆನ್ನು ತೆಗೆದು ಆ ಸಾಲನ್ನು ಮಾರ್ಜಿನ್ನಿನಲ್ಲಿ ತುರುಕಿದ. ಓಮ್ ನಿಯಮದ ಗ್ರಾಫ್‌ಗೆ ಸ್ಕೇಲ್ ಬರೆದಿರಲಿಲ್ಲ, ಅದನ್ನೂ ಬರೆಸಿದರು. ಬಿಂದುವಿನಿಂದ ಬಿಂದುವಿಗೆ ಗೆರೆ ಹಾರಿಸಿದ್ದ. ಸರಾಸರಿಗೆ ಒಂದೇ ನೇರ ಗೆರೆ ಎಳಿ ಅಂತ ಸರ್ ಹೇಳಿದರು. ಇದೆಲ್ಲಾ ಐದು ನಿಮಿಷದ ಕೆಲಸ.

ಆಮೇಲೆ ಸಿಂಪಲ್ ಪೆಂಡುಲಮ್ ಬಂತು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ಜಿ, ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ, ಕಂಡುಹಿಡಿಯೋ ಪ್ರಯೋಗ.

ಕೊನೆಯ ಸಾಲು ಹೀಗಿತ್ತು: ಫಲಿತಾಂಶ, ಜಿ = 9.8.

"9.8 ಏನು?" ಸರ್ ಕೇಳಿದರು.

"ಜಿ, ಸರ್."

"ಅದು ಗೊತ್ತಾಯ್ತು. 9.8 ಏನು? ಲೀಟರಾ, ಕಿಲೋನಾ?"

ಅಣ್ಣ ಹುಡುಗನ ಪರ ವಹಿಸಿದರು. "ಮಾರ್ಕೆಟ್ಟಿನಲ್ಲಿ ತೊಗರಿ ಏಳು ಸಾವಿರ ಅಂದ್ರೆ ಕ್ವಿಂಟಲ್‌ಗೆ ಅಂತ ಎಲ್ಲರಿಗೂ ಗೊತ್ತಿರುತ್ತೆ. ಬಿಡಿಸಿ ಹೇಳ್ಬೇಕಾ?"

"ಗೊತ್ತಿಲ್ಲದವನು ಅದನ್ನೇ ಕಿಲೋಗೆ ಅಂತ ತಿಳ್ಕೊಂಡ್ರೆ ಊರು ಬಿಟ್ಟು ಓಡ್ತಾನೆ" ಅಂದರು ಸರ್. ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಬಂದು ಕೂತಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸರ್ ಎಡಗಡೆ ಪುಟ ಎತ್ತಿ ದೀಪದ ಕಂಬದ ಕಡೆ ಹಿಡಿದರು. ಐದು ಉದ್ದಗಳು, ಐದು ಸಾಲು, ಐದರಲ್ಲೂ 9.8. 80 ಸೆಂಟಿಮೀಟರ್ ಸಾಲಿನಲ್ಲಿ ಮಾತ್ರ ಕಾಗದ ತೆಳ್ಳಗಾಗಿತ್ತು. 20 ಆಸಿಲೇಶನ್‌ಗೆ, ಅಂದರೆ 20 ತೂಗಾಟಕ್ಕೆ, 35.9 ಸೆಕೆಂಡ್ ಅಂತ ಬರೆದಿತ್ತು. ಅದರ ಅಡಿಯಲ್ಲಿ ರಬ್ಬರ್ ಉಜ್ಜಿದ ಇನ್ನೊಂದು ಸಂಖ್ಯೆ ಕಾಣುತ್ತಿತ್ತು. 36.2.

"ಇದು ಯಾರದು?"

ಹುಡುಗ ಕೆರೆ ಕಡೆ ನೋಡಿದ. ಆ ಒಂದು ರೀಡಿಂಗ್ ಮಾತ್ರ ತಾನೇ ತೆಗೆದದ್ದಂತೆ. ಅಷ್ಟರಲ್ಲಿ ಬೆಲ್ ಹೊಡೆಯಿತಂತೆ. ಲೆಕ್ಕ ಮಾಡಿದರೆ 9.64 ಬಂತು. ಹೆದರಿ ಅಳಿಸಿದ. ಉಳಿದ ನಾಲ್ಕನ್ನು 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದ.

"ಎಲ್ಲರೂ ಅಳಿಸ್ತಾರೆ ಬಿಡ್ರಿ" ಅಂದರು ಅಣ್ಣ.

"ದೊಡ್ಡವರೂ ಬಿಟ್ಟಿದ್ದಾರೆ" ಅಂದರು ಸರ್. ಎಲೆಕ್ಟ್ರಾನಿನ ಚಾರ್ಜ್ ಅಳೆದ ಮಿಲಿಕನ್ 1913ರಲ್ಲಿ 58 ಎಣ್ಣೆ ಹನಿಗಳ ಲೆಕ್ಕ ಕೊಟ್ಟು, ಅಳೆದದ್ದೆಲ್ಲಾ ಇಷ್ಟೇ ಅಂದರಂತೆ. ಆಮೇಲೆ ಅವರ ನೋಟ್‌ಬುಕ್ ತೆಗೆದು ನೋಡಿದರೆ ಅಳೆದ ಹನಿಗಳು ನೂರಕ್ಕೂ ಜಾಸ್ತಿ ಇದ್ದವು. ಬಿಟ್ಟದ್ದನ್ನು ಸೇರಿಸಿದ್ದರೂ ಉತ್ತರ ಹೆಚ್ಚೇನೂ ಬದಲಾಗುತ್ತಿರಲಿಲ್ಲ, ಅದು ಬೇರೆ ಮಾತು.

"ಅವರ ರೆಕಾರ್ಡಿಗೆ ಸಹಿ ಬಿತ್ತಾ?" ಅಣ್ಣನಿಗೆ ಅದೊಂದೇ ಚಿಂತೆ.

"1923ರಲ್ಲಿ ನೊಬೆಲ್ ಬಂತು."

"ಹಾಗಾದ್ರೆ ಬಿತ್ತು ಬಿಡ್ರಿ."

"ಆದ್ರೆ ಮಿಲಿಕನ್ ರಬ್ಬರ್ ಹಾಕಿರಲಿಲ್ಲ ನೋಡಿ" ಅಂದರು ಸರ್. "ನೋಟ್‌ಬುಕ್ಕಿನಲ್ಲಿ ಎಲ್ಲಾ ಹಾಗೇ ಇತ್ತು, ಅದಕ್ಕೇ ನಾವು ಈಗ ಮಾತಾಡ್ತಿರೋದು." ಹಾಗಂದು ಅವರು ಹಿಂದಿನ ಪುಟಗಳನ್ನು ತಿರುವಿದರು. ವರ್ನಿಯರ್ ಕ್ಯಾಲಿಪರ್ಸ್ ಪ್ರಯೋಗದಲ್ಲಿ ಅದೇ ಪೆಂಡುಲಮ್ ಗುಂಡನ್ನೇ ಅಳೆದಿದ್ದ. ವ್ಯಾಸ 2.30 ಸೆಂಟಿಮೀಟರ್.

"ದಾರ ಎಲ್ಲಿವರೆಗೆ ಅಳೆದೆ?"

"ಗುಂಡಿನ ಕೊಂಡಿವರೆಗೆ, ಸರ್."

"ಉದ್ದ ಅಂದ್ರೆ ಗುಂಡಿನ ನಡುವಿನವರೆಗೆ. ತ್ರಿಜ್ಯ ಎಲ್ಲಿ ಹೋಯ್ತು?"

80ಕ್ಕೆ 1.15 ಸೇರಿಸಿ 81.15. ಸಮಯ ಅದೇ, ಅಳಿಸಿಹಾಕಿದ 36.2. ನಾಲ್ಕು ಪೈ ಸ್ಕ್ವೇರ್ ಎಲ್ ಬೈ ಟಿ ಸ್ಕ್ವೇರ್ ಅಂತ ಹುಡುಗ ಗುನುಗುತ್ತಾ ಮೊಬೈಲ್ ಕುಟ್ಟಿದ. ಎಲ್ ಅಂದರೆ ಉದ್ದ, ಟಿ ಅಂದರೆ ಒಂದು ತೂಗಾಟದ ಸಮಯ. ಎಣ್ಣೆ ಬೆರಳಿಗೆ ಒಂದು ಸಲ ಮುಟ್ಟಿದರೆ ಎರಡು ಸಲ ಒತ್ತುತ್ತಿತ್ತು. ಕೊನೆಗೆ 9.78 ಬಂತು.

"ಇನ್ನೂ ಎರಡು ಕಮ್ಮಿ ಇದೆ" ಅಂದರು ಅಣ್ಣ. "ಪುಸ್ತಕದಲ್ಲಿ 9.8."

ಸರ್ ಈಗ ಖುಷಿಯಲ್ಲಿದ್ದರು. ಪುಸ್ತಕದವರು ನಮ್ಮೂರಿಗೆ ಬಂದು ಅಳೆದಿಲ್ಲ ಅಂದರು. 1672ರಲ್ಲಿ ಜಾನ್ ರಿಶೇ ಅನ್ನೋ ಫ್ರೆಂಚ್ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ. ಪ್ಯಾರಿಸ್‌ನಲ್ಲಿ ಸರಿ ಇದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿತ್ತು. ಲೋಲಕವನ್ನು ಗಿಡ್ಡ ಮಾಡಬೇಕಾಯಿತು. ಭೂಮಧ್ಯರೇಖೆ ಹತ್ತಿರ ಹೋದಷ್ಟೂ ಜಿ ಕಮ್ಮಿ. ರೇಖೆಯ ಮೇಲೆ 9.78, ಧ್ರುವದಲ್ಲಿ 9.83. ಕಲಬುರಗಿ ಹದಿನೇಳು ಡಿಗ್ರಿ ಉತ್ತರದಲ್ಲಿ, ಅದೂ ಎತ್ತರದಲ್ಲಿ ಇದೆ. ಇಲ್ಲಿಯ ಜಿ 9.78ರ ಆಸುಪಾಸೇ.

"ನಮ್ಮ ಮನೆ ಗಡಿಯಾರವೂ ಬೇಸಿಗೆಯಲ್ಲಿ ಹಿಂದೆ ಬೀಳ್ತದೆ" ಅಂದರು ಕಾಕಾ. "ಅದಕ್ಕೂ ಭೂಮಧ್ಯರೇಖೆನಾ?"

"ಅದು ಬಿಸಿಲು ಕಾಕಾ. ಉಕ್ಕಿನ ಕಡ್ಡಿ ಇಪ್ಪತ್ತು ಡಿಗ್ರಿ ಕಾದ್ರೆ ಹಿಗ್ಗಿ, ದಿನಕ್ಕೆ ಸುಮಾರು ಹತ್ತು ಸೆಕೆಂಡ್ ಹಿಂದೆ."

"ನಮ್ಮದು ಅರ್ಧ ಗಂಟೆ."

"ಅದಕ್ಕೆ ಕೀ ಕೊಡ್ಬೇಕು."

ಹುಡುಗ ಎದ್ದ. ಉಳಿದ ನಾಲ್ಕು ರೀಡಿಂಗ್ ಏನು ಮಾಡಲಿ ಅಂತ ಕೇಳಿದ. ಬೆಳಿಗ್ಗೆ ಬೇಗ ಹೋಗಿ ಲ್ಯಾಬ್ ತೆಗೆಸಿ ತಗೋ ಅಂದರು ಸರ್. "ಪ್ರಿಕಾಷನ್‌ನಲ್ಲಿ ಫ್ಯಾನ್ ಬಂದ್ ಮಾಡ್ಬೇಕು ಅಂತ ನೀನೇ ಬರೆದಿದ್ದೀಯ, ಮಾಡು" ಅಂದರು ಕಾಕಾ. "ಈ ಊರಲ್ಲಿ ಅಷ್ಟು ತ್ಯಾಗ ಮಾಡಿದ ವಿದ್ಯಾರ್ಥೀನ ನಾನು ನೋಡೇ ಇಲ್ಲ."

ಅವನು ಹೋದ. ನಿಜ ಹೇಳ್ಬೇಕಂದ್ರೆ ನಮಗೆಲ್ಲಾ ಸ್ವಲ್ಪ ಹೆಮ್ಮೆ ಆಗಿತ್ತು. ಸರ್ ಅಂತೂ ಇನ್ನೊಂದು ಪ್ಲೇಟ್ ಭಜಿ ತಮ್ಮ ದುಡ್ಡಲ್ಲೇ ಹೇಳಿದರು. ಅದು ಆ ದಿನದ ನಿಜವಾದ ಅಪರೂಪದ ರೀಡಿಂಗ್.

ಮರುದಿನ ಮಧ್ಯಾಹ್ನ ಝೆರಾಕ್ಸ್ ಅಣ್ಣನ ಫೋನ್ ಬಂತು. ಹಿಂದೆ ಮಷಿನ್ ಓಡುವ ಸದ್ದು, ಹುಡುಗರ ಗದ್ದಲ.

"ಸರ್ ಪಕ್ಕದಲ್ಲಿದ್ದಾರಾ? ಇಲ್ಲಾಂದ್ರೆ ಹೇಳ್ತೀನಿ. ನಿನ್ನ ಅಳಿಯನ ಎಡಗಡೆ ಪುಟ ಬೆಳಿಗ್ಗೆಯಿಂದ ನಲವತ್ತು ಕಾಪಿ ಆಯ್ತು. ಇಡೀ ಕ್ಲಾಸಿಗೆ 36.2."