ಹದಿಹರೆಯದ ಪಾಠ ಮಾಡಬೇಡಿ ಅಂತಾರೆ, ಕಾನೂನು ಏನನ್ನುತ್ತದೆ?

ವಿಜ್ಞಾನದ ಮೇಡಂ (ಪ್ರಶ್ನೆ):

ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿನಲ್ಲಿ ಹದಿಹರೆಯದ ಪಾಠ ಬರುತ್ತದಲ್ವಾ, ಅದರಿಂದ ಈ ಸಲ ಶಾಲೆಯಲ್ಲಿ ರಂಪವಾಗಿದೆ.

ಮುಟ್ಟಿನ ವಿಷಯಕ್ಕೆ ಅಂದುಕೊಂಡಿರಾ? ಅಲ್ಲ. ಹುಟ್ಟುವ ಮಗು ಗಂಡೋ ಹೆಣ್ಣೋ ಅನ್ನುವುದು ತಂದೆಯಿಂದ ಬರುವ ಕ್ರೋಮೋಸೋಮಿನ ಮೇಲೆ ನಿಂತಿದೆ, ಅದಕ್ಕೆ ತಾಯಿಯನ್ನು ದೂರುವುದು ತಪ್ಪು ಅಂತ ಪಾಠದಲ್ಲಿದೆ. ನಾನು ಬೋರ್ಡಿನ ಮೇಲೆ ಎಕ್ಸ್, ವೈ ಬರೆದು ವಿವರಿಸಿದೆ. ಬರೀ ಹೆಣ್ಣುಮಕ್ಕಳೇ ಇರುವ ಮನೆಯ ಹುಡುಗಿಯೊಬ್ಬಳು ಸಂಜೆ ಹೋಗಿ ಅಜ್ಜಿಗೆ ಅದನ್ನೇ ಒಪ್ಪಿಸಿದ್ದಾಳೆ. "ಅಮ್ಮನ್ನ ಯಾಕೆ ಬೈತೀಯ, ಅಪ್ಪನ್ನ ಕೇಳು" ಅಂದಳಂತೆ. ಮಾರನೇ ದಿನ ಅವಳಪ್ಪ ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಜೊತೆಗೆ ಕರೆದುಕೊಂಡು ಬಂದರು. "ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಡೋಕೆ ನಿಮಗೆ ಪರ್ಮಿಷನ್ ಕೊಟ್ಟವರು ಯಾರು?" ಅನ್ನುವುದು ಅವರ ಪ್ರಶ್ನೆ.

ನಮ್ಮ ಎಚ್‌ಎಂ ಒಳ್ಳೆಯವರೇ. ಆದರೆ ಜಗಳ ಅಂದರೆ ಆಗುವುದಿಲ್ಲ. "ಬಿಟ್ಟುಬಿಡಿ ಮೇಡಂ, ಆ ಪಾಠ ಮಕ್ಕಳು ಮನೆಯಲ್ಲೇ ಓದಿಕೊಳ್ಳಲಿ" ಅಂದರು. ದಾಸವಾಳದ ನೀಳಛೇದ ಬರೆಸುವಾಗ ಯಾರಿಗೂ ತೊಂದರೆ ಇಲ್ಲ ನೋಡಿ. ಪರಾಗಸ್ಪರ್ಶಕ್ಕೆ ಯಾರ ಪರ್ಮಿಷನ್ನೂ ಬೇಡ!

ನನಗೆ ಬೇಕಿರುವುದು ಇಷ್ಟು. ಈ ಪಾಠ ಮಾಡಲು ಪೋಷಕರ ಒಪ್ಪಿಗೆ ಬೇಕು ಅಂತ ಎಲ್ಲಾದರೂ ಕಾನೂನು ಇದೆಯಾ? ಬಿಟ್ಟುಬಿಡಿ ಅನ್ನುವ ಅಧಿಕಾರ ಎಚ್‌ಎಂಗೆ ಇದೆಯಾ?

ಇನ್ನೊಂದು ವಿಷಯ ಇದೆ, ನಿಜವಾಗಿ ನಿದ್ದೆ ಕೆಡಿಸಿರುವುದು ಅದೇ. ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ ಅಂತ ಕ್ಲಾಸಿನಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೆ. ಹೆಸರು ಬರೆಯದೆ ಚೀಟಿ ಹಾಕಿ ಅಂದಿದ್ದೆ. ಧ್ವನಿ ಒಡೆದರೆ ಸರಿಹೋಗುತ್ತಾ, ಮೊಡವೆಗೆ ಏನು ಹಚ್ಚಬೇಕು, ಇಂಥವೇ ಜಾಸ್ತಿ. ಒಂದು ಚೀಟಿಯಲ್ಲಿ ಮಾತ್ರ ಹೀಗಿತ್ತು: "ನಮ್ಮ ಮನೆಗೆ ಬರೋ ಒಬ್ಬರು ನಂಗೆ ಇಷ್ಟ ಇಲ್ಲದ ಹಾಗೆ ಮುಟ್ಟುತ್ತಾರೆ. ಯಾರಿಗೂ ಹೇಳಬೇಡ ಅಂದಿದ್ದಾರೆ. ಇದು ನನ್ನ ತಪ್ಪಾ?" ಹುಡುಗನೋ ಹುಡುಗಿಯೋ ಅದೂ ಗೊತ್ತಾಗುವುದಿಲ್ಲ. ಈಗ ನಾನು ಏನು ಮಾಡಬೇಕು?

ನಿವೃತ್ತ ಮೇಷ್ಟ್ರು:

ಮೇಡಂ, ನೀವು ಮಾಡಿದ್ದು ಸರಿ. ಧೈರ್ಯ ಬಿಡಬೇಡಿ.

ಇದರ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಅಂತ ಶುರುಮಾಡಿತು. ಆಗ ಎಚ್‌ಐವಿ ಭಯ ಜೋರಾಗಿತ್ತು. ಏಡ್ಸ್ ನಿಯಂತ್ರಣ ಸಂಸ್ಥೆಯೂ ಅದರಲ್ಲಿ ಸೇರಿತ್ತು. ಶಿಕ್ಷಕರಿಗೆ ತೋರಿಸಲು ಫ್ಲಿಪ್ ಚಾರ್ಟ್ ಮಾಡಿದ್ದರು. ಗಲಾಟೆ ಎದ್ದಿದ್ದು ಅದರ ಚಿತ್ರಗಳ ಮೇಲೆ. 2007ರಲ್ಲಿ ಒಂದಾದ ಮೇಲೆ ಒಂದು ರಾಜ್ಯ ಬೇಡ ಅಂದವು. ಮಹಾರಾಷ್ಟ್ರ, ಮಧ್ಯಪ್ರದೇಶದ ಜೊತೆ ನಮ್ಮ ಕರ್ನಾಟಕವೂ ಬೇಡ ಅಂದಿತು. ಶಿಕ್ಷಣ 1976ರ ಸಂವಿಧಾನ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಅದರ ಮೇಲೆ ಅಧಿಕಾರ ಇದೆ. ಕೇಂದ್ರ ಕಾರ್ಯಕ್ರಮ ಮಾಡಬಹುದು, ರಾಜ್ಯ ನಮ್ಮ ಶಾಲೆಗೆ ಬೇಡ ಅನ್ನಬಹುದು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತಲೇ ವರದಿ ಕೊಟ್ಟಿತು.

ನಮ್ಮ ಶಾಲೆಯಲ್ಲಿ ಆ ಚಾರ್ಟಿನ ಕಟ್ಟು ಬೀರುವಿಗೆ ಹೋಯಿತು, ಬೀಗ ಬಿತ್ತು. ತಮಾಷೆ ಏನೆಂದರೆ, ಅದರಲ್ಲಿ ಇದ್ದ ಮುಕ್ಕಾಲು ವಿಷಯ ವಿಜ್ಞಾನದ ಪುಸ್ತಕದಲ್ಲಿ ಆಗಲೂ ಇತ್ತು, ಈಗಲೂ ಇದೆ. ಬೇರೆ ಹೆಸರಿನಲ್ಲಿ ಬಂದಾಗ ಯಾರೂ ಕೇಳಲಿಲ್ಲ.

ನನ್ನ ಸಲಹೆ: ಕಾನೂನು ಹಿಡಿದು ಹೋಗಬೇಡಿ. ಪಾಠಕ್ಕೆ ಮೊದಲು ತಾಯಂದಿರ ಸಭೆ ಕರೆಯಿರಿ. ಪುಸ್ತಕ ಅವರ ಕೈಗೇ ಕೊಟ್ಟು, ಇಷ್ಟೇ ಇರುವುದು ಅಂತ ತೋರಿಸಿ. ತಾಯಂದಿರು ನಿಮ್ಮ ಕಡೆ ಬಂದರೆ ಎಸ್‌ಡಿಎಂಸಿ ತಾನಾಗಿ ಸುಮ್ಮನಾಗುತ್ತದೆ. ಚೀಟಿ ವಿಷಯ ಮಾತ್ರ ನನಗೆ ಗಾಬರಿಯಾಯಿತು. ಎಚ್‌ಎಂಗೆ ಕೂಡಲೇ ಹೇಳಿ.

ಕರಿಕೋಟು:

ನಾನು ವಕೀಲ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಕೇಸುಗಳನ್ನು ಜಾಸ್ತಿ ನೋಡುತ್ತೇನೆ. ಚೀಟಿಯಿಂದಲೇ ಶುರುಮಾಡುತ್ತೇನೆ, ಮಿಕ್ಕಿದ್ದು ಕಾಯಬಹುದು.

ಮೇಷ್ಟ್ರೇ, ಎಚ್‌ಎಂಗೆ ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಅಪರಾಧ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ನಡೆಯಬಹುದು ಎಂಬ ಆತಂಕ ಇದ್ದರೂ ತಿಳಿಸಬೇಕು. ಠಾಣೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕ, ಎರಡರಲ್ಲಿ ಒಂದು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದೇ 19ನೇ ಸೆಕ್ಷನ್‌ನಲ್ಲಿದೆ. ಮಹಾರಾಷ್ಟ್ರದ ಶಾಲಾ ಹಾಸ್ಟೆಲ್ ಮಕ್ಕಳ ಪ್ರಕರಣವೊಂದರಲ್ಲಿ ತಿಳಿಸದೆ ಇದ್ದ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತ ಮಾಡಿತು. ಇದು ಕಾಗದದ ಮೇಲಿನ ಸೆಕ್ಷನ್ ಅಲ್ಲ ಅಂತ ತಿಳಿಯಲಿ ಎಂದು ಹೇಳಿದೆ.

ಚೀಟಿಯನ್ನು ಹರಿಯಬೇಡಿ. ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ಸ್ಟಾಫ್ ಗ್ರೂಪಿಗಂತೂ ಬೇಡವೇ ಬೇಡ. ಕೈಬರಹ ಹೋಲಿಸುತ್ತೇನೆ ಅಂತ ಎಲ್ಲರ ನೋಟ್‌ಬುಕ್ ತರಿಸಬೇಡಿ. ಬರೆದ ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಇವತ್ತೇ ಫೋನ್ ಮಾಡಿ, ಹೆಸರು ಗೊತ್ತಿಲ್ಲ ಅಂತಲೇ ಹೇಳಿ. ಠಾಣೆಗೆ ಬರೆದು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಆಪ್ತಸಮಾಲೋಚಕರನ್ನು ಕರೆಸಿ, ಇಡೀ ಕ್ಲಾಸಿಗೆ ಮಾತಾಡಿಸಿ. ಕ್ಲಾಸಿನಲ್ಲಿ ಸಾಮಾನ್ಯವಾಗಿ ಒಂದು ಮಾತು ಹೇಳಿ: ಯಾರಾದರೂ ಹಾಗೆ ಮುಟ್ಟಿದರೆ ತಪ್ಪು ಮುಟ್ಟಿದವರದ್ದು, ಮಗುವಿನದ್ದಲ್ಲ. ಪ್ರಶ್ನೆ ಕೇಳಿದ ಮಗುವಿಗೆ ಉತ್ತರ ಸಿಗಬೇಕು, ಅದು ಅಲ್ಲೇ ಕೂತಿದೆ.

ಪೊಲೀಸರು ಅಂದ ತಕ್ಷಣ ಶಿಕ್ಷಕರು ಹೆದರುತ್ತಾರೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು, ಸಮವಸ್ತ್ರದಲ್ಲಿ ಬರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಇದು 24ನೇ ಸೆಕ್ಷನ್. ನಡೆಯದಿದ್ದರೆ ಕೇಳುವ ಹಕ್ಕು ನಿಮಗಿದೆ. ಪೋಕ್ಸೋ ಹುಡುಗರಿಗೂ ಅನ್ವಯಿಸುತ್ತದೆ ಅನ್ನುವುದು ಎಷ್ಟೋ ಶಾಲೆಗಳಿಗೆ ಇನ್ನೂ ಗೊತ್ತಿಲ್ಲ.

ಈಗ ಪಾಠಕ್ಕೆ ಬರೋಣ. ನಮ್ಮಲ್ಲಿ "ಲೈಂಗಿಕ ಶಿಕ್ಷಣ ಕಾಯ್ದೆ" ಅಂತ ಒಂದು ಇಲ್ಲ. ಇರುವುದು ಚೂರುಪಾರು. ಆದರೆ ಆ ಚೂರುಗಳು ನಿಮ್ಮ ಕಡೆಗೇ ಇವೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ನೋಡಿ. ಪಠ್ಯಕ್ರಮ ಪೂರ್ತಿಯಾಗಿ, ನಿಗದಿತ ಸಮಯದಲ್ಲಿ ಮುಗಿಸುವುದು ಶಿಕ್ಷಕರ ಕರ್ತವ್ಯ ಅಂತ ಅಲ್ಲಿದೆ. ಎಂಟನೇ ಕ್ಲಾಸು ಆ ಕಾಯ್ದೆಯೊಳಗೆ ಬರುತ್ತದೆ. ಹಾಗಾಗಿ ಪಾಠ ಮಾಡಿದ್ದಕ್ಕೆ ನೀವು ಉತ್ತರ ಕೊಡಬೇಕಿಲ್ಲ. ಬಿಟ್ಟುಬಿಡಿ ಅಂದವರು ಕೊಡಬೇಕು. ಎಚ್‌ಎಂ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂತ ವಿನಯವಾಗಿ ಕೇಳಿ. ಯಾರೂ ಬರೆದು ಕೊಡುವುದಿಲ್ಲ.

ಇನ್ನು 2020ರ ಪೋಕ್ಸೋ ನಿಯಮಗಳು. ಮಕ್ಕಳಿಗೆ ವಯಸ್ಸಿಗೆ ತಕ್ಕ ಪಠ್ಯ ತಯಾರಿಸಬೇಕು, ತಮ್ಮ ಸುರಕ್ಷತೆ, 1098, ಲಿಂಗ ಸಮಾನತೆ ಎಲ್ಲ ಅದರಲ್ಲಿ ಇರಬೇಕು ಅಂತ 3ನೇ ನಿಯಮ ಕೇಂದ್ರ, ರಾಜ್ಯ ಎರಡಕ್ಕೂ ಹೇಳುತ್ತದೆ. ಅದೇ ವರ್ಷ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತದ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟು ಒಬ್ಬರು ಗಂಡಸು ಒಬ್ಬರು ಹೆಂಗಸು, ವಾರಕ್ಕೆ ಒಂದು ಗಂಟೆ ನಡೆಸಬೇಕು. 11 ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆಯೂ ಒಂದು. ನಿಮ್ಮ ಶಾಲೆಯ ಆ ಇಬ್ಬರು ಯಾರು ಅಂತ ಎಚ್‌ಎಂ ಅವರನ್ನು ಕೇಳಿ ನೋಡಿ, ಅಲ್ಲೇ ಅರ್ಧ ಮಾತು ಮುಗಿಯುತ್ತದೆ. ಸುಪ್ರೀಂ ಕೋರ್ಟ್ ಕೂಡ 2024ರ ಸೆಪ್ಟೆಂಬರ್ ತೀರ್ಪಿನಲ್ಲಿ ಸಮಗ್ರ ಲೈಂಗಿಕ ಶಿಕ್ಷಣ ಬೇಕು ಅಂದಿತು. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಪೀಠ, ಒಂಬತ್ತನೇ ತರಗತಿಯವರೆಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಿಂದಲೇ ಶುರುಮಾಡಬೇಕು ಅಂದಿತು. ಇವು ಸಲಹೆಯ ಧಾಟಿಯ ಮಾತುಗಳು, ನಾಳೆಯೇ ಆದೇಶವಾಗಿ ಶಾಲೆಗೆ ಬರುವಂಥವಲ್ಲ. ಆದರೂ ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಲು ಸಾಕು.

ಒಬ್ಬ ಅಪ್ಪ:

ನನ್ನ ಮಗಳೂ ಎಂಟನೇ ಕ್ಲಾಸು. ಮೇಡಂ ಮೇಲೆ ಸಿಟ್ಟಿಲ್ಲ. ಆದರೆ ನಮಗೆ ಮೊದಲೇ ಒಂದು ಮಾತು ಹೇಳಬಾರದಾ? ಅಮೆರಿಕದಲ್ಲಿ ಪೋಷಕರ ಸಹಿ ಕೇಳುತ್ತಾರಂತಲ್ಲ.

ಕರಿಕೋಟು:

ಅಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ರೀತಿ. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಇರುವ ಕಾನೂನು ಪ್ರಕಾರ ಪೋಷಕರಿಗೆ ಮೊದಲೇ ತಿಳಿಸಬೇಕು, ಪಾಠದ ಸಾಮಗ್ರಿ ನೋಡಲು ಕೊಡಬೇಕು. ಬೇಡ ಅಂತ ಬರೆದು ಕೊಟ್ಟರೆ ಮಾತ್ರ ಮಗುವನ್ನು ಬಿಡುತ್ತಾರೆ. ಬರೆದು ಕೊಡದಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಬೇರೆ ಕೆಲವು ರಾಜ್ಯಗಳಲ್ಲಿ ಮೊದಲು ಸಹಿ, ಆಮೇಲೆ ಪಾಠ. ನಮ್ಮಲ್ಲಿ ಪಠ್ಯಪುಸ್ತಕದ ಪಾಠಕ್ಕೆ ಪೋಷಕರ ಸಹಿ ಬೇಕು ಅನ್ನುವ ಕಾನೂನು ಇಲ್ಲ. ತಿಳಿಸುವುದು ಒಳ್ಳೆಯದು, ಒಪ್ಪುತ್ತೇನೆ. ಆದರೆ ಸಹಿ ಪದ್ಧತಿ ತಂದರೆ ಇಲ್ಲಿ ಮೊದಲು ಬಿಟ್ಟುಹೋಗುವುದು ಆ ಚೀಟಿ ಬರೆದಂಥ ಮಗುವೇ. ಮನೆಯೊಳಗೇ ತೊಂದರೆ ಇರುವಾಗ ಸಹಿ ಹಾಕುವವರು ಯಾರು?

ನಿವೃತ್ತ ಮೇಷ್ಟ್ರು:

ವಕೀಲರೇ, ಒಂದು ಅನುಮಾನ. ಹತ್ತನೇ ಕ್ಲಾಸಿನ ಹುಡುಗಿ ಬಂದು, ಪಿಯುಸಿ ಹುಡುಗನ ಜೊತೆ ಓಡಾಡುತ್ತೇನೆ, ಹೀಗೆಲ್ಲ ಆಗಿದೆ ಅಂತ ನಂಬಿ ಹೇಳಿದರೆ? ಅದಕ್ಕೂ ಪೊಲೀಸರಾ?

ಕರಿಕೋಟು:

ಇದೇ ನಮ್ಮ ಕಾನೂನಿನ ದೊಡ್ಡ ಇಕ್ಕಟ್ಟು. ಪೋಕ್ಸೋಗೆ ಮುಂಚೆ ಸಮ್ಮತಿಯ ವಯಸ್ಸು 16 ಇತ್ತು. 2012ರಿಂದ 18. ಇಬ್ಬರಿಗೂ ಇಷ್ಟವಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, 19ನೇ ಸೆಕ್ಷನ್ ಅಲ್ಲಿಯೂ ಅಷ್ಟೇ ಗಟ್ಟಿ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ವಿಷಯವನ್ನು ಕಾನೂನು ಆಯೋಗ ಮತ್ತೆ ಯೋಚಿಸಬೇಕು ಅಂದಿತು. ಆಯೋಗ 2023ರ 283ನೇ ವರದಿಯಲ್ಲಿ 18 ಇಳಿಸುವುದು ಬೇಡ ಅಂದಿತು. ಹಾಗಾಗಿ ಶಿಕ್ಷಕರು "ಯಾರಿಗೂ ಹೇಳಲ್ಲ, ನನಗೆ ಹೇಳು" ಅಂತ ಯಾವತ್ತೂ ಮಾತು ಕೊಡಬಾರದು. ಆ ಮಾತು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. "ಕೆಲವು ವಿಷಯ ನಾನು ಮುಂದೆ ತಿಳಿಸಬೇಕಾಗುತ್ತದೆ" ಅಂತ ಮೊದಲೇ ಹೇಳಿಬಿಡಿ. ಒಂಬತ್ತು, ಹತ್ತರ ಹುಡುಗರಿಗೆ ಈ 18ರ ಲೆಕ್ಕವನ್ನೇ ಪಾಠವಾಗಿ ಹೇಳಿ. ಹುಡುಗಿಯ ಬೆತ್ತಲೆ ಚಿತ್ರ ಫೋನಿನಲ್ಲಿ ಇಟ್ಟುಕೊಂಡರೂ ಕೇಸಿಗೆ ಸಿಕ್ಕಿಕೊಳ್ಳುತ್ತಾರೆ ಅಂತಲೂ ಹೇಳಿ. ಜೈಲಿಗೆ ಹೋದ ಮೇಲೆ ಕಾನೂನು ಕಲಿತ ಹುಡುಗರನ್ನು ನಾನು ತುಂಬಾ ನೋಡಿದ್ದೇನೆ.

ವಿಜ್ಞಾನದ ಮೇಡಂ:

ಎಲ್ಲರಿಗೂ ಥ್ಯಾಂಕ್ಸ್. ಚೀಟಿ ವಿಷಯ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಕೊಡಬೇಕಾದ ಕಡೆ ಬರೆದು ಕೊಟ್ಟಿದ್ದೇನೆ, ಪ್ರತಿ ನನ್ನ ಹತ್ತಿರ ಇದೆ. ಡಬ್ಬಿ ಕ್ಲಾಸಿನಲ್ಲೇ ಇರುತ್ತದೆ. ಕ್ಲಾಸಿನಲ್ಲಿ ಅದರ ನಿಯಮವನ್ನೂ ಹೇಳಿದೆ, ಗುಟ್ಟು ಉಳಿಸುತ್ತೇನೆ ಅಂತ ಮಾತು ಕೊಡಲಿಲ್ಲ. ಆದರೂ ಚೀಟಿ ಬೀಳುತ್ತಿವೆ.

ತಾಯಂದಿರ ಸಭೆಯನ್ನೂ ಮಾಡುತ್ತೇನೆ ಮೇಷ್ಟ್ರೇ, ಆದರೆ ಅಪ್ಪಂದಿರನ್ನೂ ಕರೆಯುತ್ತೇನೆ. ಎಕ್ಸ್, ವೈ ಕೇಳಬೇಕಾದವರು ಅವರೇ ಅಲ್ವಾ?

ಎಚ್‌ಎಂ ಹತ್ತಿರ ಬರೆದು ಕೊಡಿ ಅಂದೆ. ನಕ್ಕು, "ಪಾಠ ಮಾಡಿ ಮೇಡಂ" ಅಂದರು. ಇಬ್ಬರು ಶಿಕ್ಷಕರ ವಿಷಯ ಕೇಳಿದರೆ ಅವರ ಟೇಬಲ್ಲಿನ ಫೈಲಿನಲ್ಲಿ ನನ್ನ ಹೆಸರೂ ಪಿಇ ಮಾಸ್ಟರ ಹೆಸರೂ ಆಗಲೇ ಇತ್ತು, ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ! ಪಿಇ ಮಾಸ್ಟರು ಹುಡುಗರಿಗೆ ತಾನೇ ಹೇಳುತ್ತೇನೆ ಅಂತ ಒಪ್ಪಿದ್ದಾರೆ. ಒಂದೇ ಷರತ್ತು: ಮೊದಲ ಕ್ಲಾಸನ್ನು ನಾನು ಮಾಡಬೇಕಂತೆ, ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾರಂತೆ.